ಎರಡು ಬಿಳುಪುಗಳ ನಡುವೆ

ಗೋಡೆಯ ಗಾರೆ ಒಣಗಿದೆ. ಪುಟ್ಟಿ ಹಚ್ಚಿ ಉಜ್ಜಿಯಾಗಿದೆ. ಗೃಹಪ್ರವೇಶದ ಮುಹೂರ್ತವೂ ಗೊತ್ತಾಗಿದೆ. ಇನ್ನು ಬಣ್ಣವೊಂದು ಮುಗಿದರೆ ಆಯಿತು ಎಂದು ಮನೆಯವರು ಅಂದುಕೊಳ್ಳುವ ಹೊತ್ತಿಗೆ, ಅಂಗಡಿಯವನು ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಶೇಡ್ ಕಾರ್ಡನ್ನು ಮುಂದಿಡುತ್ತಾನೆ. ಆದವಾನಿಯಲ್ಲಾಗಲಿ, ಎಮ್ಮಿಗನೂರು, ಆಲೂರು, ಹೊಳಗುಂದಿಗಳಲ್ಲಾಗಲಿ, ಹೊಸ ಮನೆ ಕಟ್ಟಿಸಿದ ಕುಟುಂಬಗಳಿಗೆ ಈ ಗಳಿಗೆ ಪರಿಚಿತವಾದುದೇ. ಕೆಂಪು, ಹಸಿರು, ನೀಲಿಗಳ ವಿಷಯದಲ್ಲಿ ತೊಡಕಿಲ್ಲ. ಬೇಕೆಂದವರಿಗೆ ಬೇಕು, ಬೇಡವೆಂದವರಿಗೆ ಬೇಡ. ತೊಡಕು ಹುಟ್ಟುವುದು ಬಿಳಿಯ ನೆರೆಯಲ್ಲಿರುವ ಪುಟಗಳಲ್ಲಿ. ಅಲ್ಲಿ ಕೆನೆಬಣ್ಣ, ದಂತದ ಬಣ್ಣ, ಗಂಧದ ಬಣ್ಣ, ತೆಳುಬೂದು ಇವೆಲ್ಲ ಒಂದಕ್ಕೊಂದು ಎಷ್ಟು ಹತ್ತಿರವೆಂದರೆ, ಕಾರ್ಡನ್ನು ಮುಚ್ಚಿ ಮತ್ತೆ ತೆರೆದರೆ ಮೊದಲು ಮೆಚ್ಚಿದ್ದು ಯಾವುದೆಂಬುದೇ ಮರೆತುಹೋಗಿರುತ್ತದೆ.

ಬಹಳ ಮನೆಗಳಲ್ಲಿ ನಡೆಯುವುದು ಹೀಗೆ. ಮಗನಿಗೆ ತುಸು ಬೂದು ಬೆರೆತ ಬಿಳುಪು ಬೇಕು. ಸೊಸೆಗೆ ತುಸು ಹಳದಿ ಬೆರೆತದ್ದು. ಇಬ್ಬರೂ ಎರಡು ಚೀಟಿಗಳನ್ನು ಹಿಡಿದು ವಾರಗಟ್ಟಲೆ ಚರ್ಚಿಸುತ್ತಾರೆ. ಕೊನೆಗೆ ತಾಯಿಯ ಮುಂದೆ ಹಿಡಿದರೆ ಆಕೆ ಕಣ್ಣು ಕಿರಿದು ಮಾಡಿ ನೋಡಿ, "ಎರಡೂ ಒಂದೇ ಅದಾವಲ್ಲಪ್ಪ, ಇದಕ್ಯಾಕ ಇಷ್ಟು ಮಾತು?" ಎನ್ನುತ್ತಾಳೆ. ಮಕ್ಕಳು ನಗುತ್ತಾರೆ. ಆ ನಗುವಿನಲ್ಲಿ ಗಮನಕ್ಕೆ ಬಾರದೆ ಹೋಗುವ ಸಂಗತಿಯೊಂದಿದೆ. ಅದರ ವಿಚಾರ ಮುಂದೆ ಬರುತ್ತದೆ.

ಬಿಳಿಯಲ್ಲಿಯೂ ಭೇದವಿದೆ ಎಂಬುದನ್ನು ಆದವಾನಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಇದು ಹತ್ತಿಯ ಊರು. ಜಿನ್ನಿಂಗ್ ಕಾರ್ಖಾನೆಗಳಿಂದ ಬೆಳೆದ ಪೇಟೆ. ಕಾಯಿ ಬಿರಿದ ಕೂಡಲೆ ಬಿಡಿಸಿದ ಹತ್ತಿಯ ಬಿಳುಪೇ ಬೇರೆ; ಗಿಡದಲ್ಲಿಯೇ ನಿಂತು ಮಳೆಗೆ ಸಿಕ್ಕಿದ ಹತ್ತಿಯ ಮಾಸಲು ಬಿಳುಪೇ ಬೇರೆ. ಬೆಲೆಯೂ ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಕೃಷಿ ಇಲಾಖೆಯ ಬಣ್ಣತಜ್ಞೆ ಡೊರೊತಿ ನಿಕರ್‌ಸನ್ ಹಾಗೂ ಉಪಕರಣತಜ್ಞ ರಿಚರ್ಡ್ ಹಂಟರ್ ಅವರ ಹೆಸರಿನಲ್ಲಿ ಹತ್ತಿಯ ಬಣ್ಣವನ್ನು ಅಳೆಯುವ ಯಂತ್ರವೊಂದು ಬಳಕೆಗೆ ಬಂದಿತು. ಅದು ಕೇಳಿದ ಪ್ರಶ್ನೆಗಳು ಎರಡೇ. ಈ ಹತ್ತಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ಹಿಂದಿರುಗಿಸುತ್ತದೆ? ಇದರಲ್ಲಿ ಹಳದಿ ಎಷ್ಟು ಸೇರಿದೆ? ಇಂದಿನ ಹತ್ತಿ ಪರೀಕ್ಷಾ ಯಂತ್ರಗಳೂ ಈ ಎರಡು ಅಂಕಗಳನ್ನೇ ಕೊಡುತ್ತವೆ.

ಗೋಡೆಯ ಬಣ್ಣಕ್ಕೂ ಇವೇ ಪ್ರಶ್ನೆಗಳು ಸಾಕು. ಮೊದಲನೆಯದಕ್ಕೆ ಬಣ್ಣದ ಕಂಪನಿಗಳ ಭಾಷೆಯಲ್ಲಿ ಎಲ್‌ಆರ್‌ವಿ ಎಂಬ ಅಂಕವಿದೆ. ಕಡುಗಪ್ಪಿಗೆ 0, ಪರಿಪೂರ್ಣ ಬಿಳಿಗೆ 100. ಕೇಳಿದರೆ ಕೆಲವು ಕಂಪನಿಗಳ ಮಾರಾಟಗಾರರು ಈ ಅಂಕವನ್ನು ತೆಗೆದುಕೊಡುತ್ತಾರೆ. ಎರಡನೆಯ ಪ್ರಶ್ನೆಯನ್ನು ಮಾತ್ರ ತುಸು ವಿಸ್ತರಿಸಿ, ಹಳದಿಯಲ್ಲದೆ ನಸುಗೆಂಪು, ಹಸಿರು, ನೀಲಿಗಳಲ್ಲಿ ಯಾವುದರ ಕಡೆಗೆ ಈ ಬಿಳುಪು ವಾಲಿದೆ ಎಂದು ಕೇಳಿಕೊಳ್ಳಬೇಕು. ಈ ಒಳಛಾಯೆಯನ್ನು ಕಂಡುಹಿಡಿಯಲು ಒಂದು ಹಾಳೆ ಅಚ್ಚ ಬಿಳಿಯ ಕಾಗದ ಸಾಕು. ಒಂಟಿಯಾಗಿ ಬಿಳಿಯೆಂದೇ ತೋರಿದ ಚೀಟಿಯನ್ನು ಆ ಕಾಗದದ ಮೇಲಿಟ್ಟ ಕೂಡಲೆ ಅದರೊಳಗಿನ ಹಳದಿಯೋ ಬೂದೋ ತಾನಾಗಿ ಹೊರಬೀಳುತ್ತದೆ.

ಸುಣ್ಣದ ಕಾಲದವರು ಇದನ್ನು ಅಂಕಗಳಿಲ್ಲದೆಯೇ ಬಲ್ಲವರಾಗಿದ್ದರು. ಯುಗಾದಿಯ ಮುನ್ನ ಸುಣ್ಣವನ್ನು ನೀರಿಗೆ ಹಾಕಿ ಕುದಿಯಲು ಬಿಟ್ಟು, ಸೋಸಿ, ಅಂಟು ಬೆರೆಸಿದ ಮೇಲೆ ಬಟ್ಟೆಯ ಗಂಟಿನಲ್ಲಿ ತುಸು ನೀಲಿ ಕಟ್ಟಿ ಅದರಲ್ಲಿ ಅದ್ದುತ್ತಿದ್ದರು. ಸುಣ್ಣದಲ್ಲಿ ಸಹಜವಾಗಿರುವ ಹಳದಿಯ ಸೋಂಕನ್ನು ಆ ನೀಲಿ ಅಳಿಸುತ್ತಿತ್ತು. ಇಲ್ಲಿ ಒಂದು ಸ್ವಾರಸ್ಯವುಂಟು. ನೀಲಿ ಬೆರೆಸಿದಾಗ ಗೋಡೆ ಹಿಂದಿರುಗಿಸುವ ಬೆಳಕು ನಿಜವಾಗಿ ಕಡಮೆಯಾಗುತ್ತದೆ. ಯಂತ್ರವಿಟ್ಟು ಅಳೆದರೆ ಅಂಕ ಇಳಿಯುತ್ತದೆ. ಆದರೆ ಹಳದಿ ಮರೆಯಾದುದರಿಂದ ಕಣ್ಣು ಅದನ್ನೇ ಹೆಚ್ಚು ಬಿಳಿ ಎನ್ನುತ್ತದೆ. ನೀಲಿ ಒಂದು ಚಿಟಿಕೆ ಹೆಚ್ಚಾದರೆ ಮನೆಯೆಲ್ಲ ನೀಲಿ, ಕಡಮೆಯಾದರೆ ಮಾಸಲು. ಎರಡು ಬಿಳುಪುಗಳ ನಡುವೆ ಆಯ್ದುಕೊಳ್ಳುವ ಕೆಲಸ ಆಗ ಅಂಗಡಿಯಲ್ಲಿ ಅಲ್ಲ, ಅಂಗಳದ ಮಡಕೆಯಲ್ಲಿ ನಡೆಯುತ್ತಿತ್ತು. ಅದನ್ನು ಮಾಡುತ್ತಿದ್ದವರು ಬಹುಪಾಲು ಹೆಂಗಸರು.

ಇಂದಿನ ತೊಡಕಿಗೆ ಭಾಷೆಯದೂ ಒಂದು ಪಾಲಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದ ಆದವಾನಿ, ಆಲೂರು ಸೀಮೆಯ ಅಂಗಡಿಗಳಲ್ಲಿ ಒಂದೇ ವ್ಯಾಪಾರ ಮೂರು ಭಾಷೆಗಳಲ್ಲಿ ಸಾಗುವುದು ಮಾಮೂಲು. ಗಿರಾಕಿ ಕನ್ನಡದಲ್ಲಿ 'ಕೆನೆಬಣ್ಣ' ಎನ್ನುತ್ತಾನೆ. ಅಂಗಡಿಯವನು ತೆಲುಗಿನಲ್ಲಿ 'ಮೀಗಡ ರಂಗು' ಎಂದು ಬರೆದುಕೊಳ್ಳುತ್ತಾನೆ. ದಖನಿ ಮಾತನಾಡುವ ಪೇಂಟರು ಅದನ್ನು 'ಬಾದಾಮಿ' ಎಂದು ತಿಳಿಯುತ್ತಾನೆ. ಹಾಲಿನ ಕೆನೆಗೂ ಬಾದಾಮಿಗೂ ಇರುವ ಅಂತರ ಗೋಡೆಯ ಮೇಲೆ ಬಂದಾಗಲೇ ಗೊತ್ತಾಗುವುದು. ಡಬ್ಬಿಯ ಮೇಲಿನ ಹೆಸರಾದರೋ ಈ ಮೂರರಲ್ಲಿ ಯಾವುದೂ ಅಲ್ಲದ ಇಂಗ್ಲಿಷಿನದು. ಕಡಲತೀರದ ಮರಳು, ಮಂಜಿನ ಮುಂಜಾವು ಎಂಬರ್ಥದ ಅಂತಹ ಹೆಸರುಗಳಿಂದ ತಿಳಿಯುವುದು ಏನೂ ಇಲ್ಲ. ಕಂಪನಿಯಿಂದ ಕಂಪನಿಗೆ ಒಂದೇ ಹೆಸರಿನ ಬಣ್ಣ ಬೇರೆಯಾಗಲೂಬಹುದು. ಆದುದರಿಂದ ಹೆಸರನ್ನು ಮರೆತು, ಬಣ್ಣಕ್ಕೆ ಕಂಪನಿ ಕೊಟ್ಟ ಸಂಕೇತಸಂಖ್ಯೆಯನ್ನು ಮಾತ್ರ ಬರೆದುಕೊಳ್ಳುವುದು ಮೂರು ಭಾಷೆಯವರಿಗೂ ಕ್ಷೇಮ.

ಚೀಟಿಯಲ್ಲಿ ಕಂಡದ್ದು ಗೋಡೆಯಲ್ಲಿ ಏಕೆ ಬೇರೆಯಾಗುತ್ತದೆ ಎಂಬುದಕ್ಕೆ ಮೊದಲ ಕಾರಣ ಬೆಳಕು. ಒಳಾಂಗಣದ ಬಣ್ಣವನ್ನು ಕುರಿತ ಪಾಶ್ಚಾತ್ಯ ಬರಹಗಳಲ್ಲಿ ಒಂದು ಸೂತ್ರ ಮತ್ತೆ ಮತ್ತೆ ಕಾಣುತ್ತದೆ: ಉತ್ತರಕ್ಕೆ ಕಿಟಕಿಯಿರುವ ಕೋಣೆಗೆ ನೇರ ಬಿಸಿಲು ಬಾರದು, ಅಲ್ಲಿನ ಬೆಳಕು ತಣ್ಣಗಿನದು, ಆದ್ದರಿಂದ ಅಲ್ಲಿಗೆ ಹಳದಿ ಬೆರೆತ ಬಿಳುಪು ಇರಲಿ. ಲಂಡನ್ನಿಗೆ ಈ ಮಾತು ಸರಿ. ಆದವಾನಿ ಇರುವುದು ಉತ್ತರ ಅಕ್ಷಾಂಶ ಸುಮಾರು 15.6 ಡಿಗ್ರಿಯಲ್ಲಿ. ಇಲ್ಲಿ ಮೇ ತಿಂಗಳ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಉತ್ತರದ ಅಂಗಳ ಕಾಯುತ್ತದೆ, ಅದರ ನೆಲದ ಬೆಳಕು ಕಿಟಕಿಯಿಂದ ಒಳಗೆ ಚಿಮ್ಮುತ್ತದೆ. ಎರವಲು ಸೂತ್ರವನ್ನು ಇಲ್ಲಿಗೆ ತಂದು ಉತ್ತರದ ಕೋಣೆಗೆ ಹಳದಿ ಬಳಿದವರು ಬೇಸಿಗೆಯಲ್ಲಿ ಹಿಂಸೆಪಡುವುದು ಸಹಜವೇ ಆಗಿದೆ.

ಅದಕ್ಕಿಂತಲೂ ಮುಖ್ಯವಾದುದು ದೀಪ. ಹಳೆಯ ಮಾಳಿಗೆ ಮನೆಗಳಲ್ಲಿ ಗವಾಕ್ಷಿಯೊಂದೇ ಹಗಲಿನ ಬೆಳಕು. ಅದರ ಕೆಳಗಿನ ಗೋಡೆಗೆ ಸುಣ್ಣವೇ ತಕ್ಕುದು. ಇಂದಿನ ಆರ್‌ಸಿಸಿ ಮನೆಗಳಿಗೆ ಕಿಟಕಿಗಳು ದೊಡ್ಡವು, ನಿಜ. ಆದರೆ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕಿಟಕಿ ತೆರೆದಿಡುವವರು ಯಾರು? ಬಾಗಿಲು ಮುಚ್ಚಿ, ಪರದೆ ಎಳೆದು, ದೀಪ ಹಾಕಿಕೊಂಡು ಕೂರುವುದೇ ರೂಢಿ. ಹೀಗಾಗಿ ನಡುಮನೆಯ ಗೋಡೆಯನ್ನು ಮನೆಯವರು ಸೂರ್ಯನ ಬೆಳಕಿಗಿಂತ ಹೆಚ್ಚು ಹೊತ್ತು ವಿದ್ಯುದ್ದೀಪದಲ್ಲಿ ನೋಡುತ್ತಾರೆ. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ 6500 ಕೆ ಎಂದೋ 3000 ಕೆ ಎಂದೋ ಮುದ್ರಿಸಿರುತ್ತಾರೆ. ಮೊದಲನೆಯದು ನೀಲಿಯ ಕಡೆಗೆ ವಾಲಿದ ಬಿಳಿ ಬೆಳಕು, ಎರಡನೆಯದು ಹಳೆಯ ಬುರುಡೆ ದೀಪದಂತಹ ಹಳದಿ ಬೆಳಕು. ಮೊದಲನೆಯದರ ಕೆಳಗೆ ಬೂದುಬಿಳುಪು ಆಸ್ಪತ್ರೆಯ ಗೋಡೆಯಂತೆ ನೀಲಿಗಟ್ಟುತ್ತದೆ. ಎರಡನೆಯದರ ಕೆಳಗೆ ಕೆನೆಬಣ್ಣ ಅರಿಸಿನಕ್ಕೆ ತಿರುಗುತ್ತದೆ. ಒಂದು ದೀಪದಲ್ಲಿ ಸರಿಸಮವೆನಿಸಿದ ಎರಡು ಬಣ್ಣಗಳು ಇನ್ನೊಂದರಲ್ಲಿ ಬೇರೆಬೇರೆಯಾಗಿ ಕಾಣುವುದೂ ಉಂಟು. ಅವುಗಳಲ್ಲಿ ಬೆರೆತ ವರ್ಣದ್ರವ್ಯಗಳು ಬೇರೆಯಾಗಿರುವುದೇ ಅದಕ್ಕೆ ಕಾರಣ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಮಾಡಿದ ತೀರ್ಮಾನ ಮನೆಯಲ್ಲಿ ನಿಲ್ಲದಿರುವುದು ಇದರಿಂದಲೇ. ಬಲ್ಬನ್ನು ಮೊದಲು ಗೊತ್ತುಮಾಡಿ, ಬಣ್ಣವನ್ನು ಆಮೇಲೆ ಆರಿಸುವುದು ವಿವೇಕ. ನಡೆಯುವುದು ಮಾತ್ರ ಯಾವಾಗಲೂ ಇದಕ್ಕೆ ತಿರುಗುಮುರುಗಾಗಿ.

ಎರಡನೆಯ ಕಾರಣ ನೆರೆ. ಪ್ಯಾರಿಸಿನ ಗೊಬೆಲಿನ್ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ಮಿಷೆಲ್ ಷೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞನ ಬಳಿಗೆ, ಕಪ್ಪು ನೂಲು ಕಪ್ಪಾಗಿ ಕಾಣುತ್ತಿಲ್ಲ ಎಂಬ ದೂರು ಬಂದಿತು. ಆತ ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ; ಪಕ್ಕದಲ್ಲಿ ನೇಯ್ದ ನೂಲುಗಳೇ ಕಪ್ಪನ್ನು ಹಾಗೆ ಮಂಕಾಗಿ ತೋರಿಸುತ್ತಿದ್ದುವು. 1839ರಲ್ಲಿ ಆತ ಪ್ರಕಟಿಸಿದ ಗ್ರಂಥದ ತಿರುಳು, ಯಾವ ಬಣ್ಣವನ್ನೂ ಕಣ್ಣು ಒಂಟಿಯಾಗಿ ನೋಡದು ಎಂಬುದು. ಎಮ್ಮಿಗನೂರಿನ ನೇಕಾರರಿಗೆ ಇದು ಹೊಸತಲ್ಲ. ಕೋರಾ ಬಟ್ಟೆ ತಾನಾಗಿ ಬಿಳಿಯಾಗಿಯೇ ಕಾಣುತ್ತದೆ, ತೊಳೆದು ಬಿಳುಪು ಮಾಡಿದ ಬಟ್ಟೆ ಪಕ್ಕಕ್ಕೆ ಬರುವವರೆಗೆ.

ಗೋಡೆಯ ದೊಡ್ಡ ನೆರೆಯೆಂದರೆ ನೆಲ. ಈ ಸೀಮೆಯ ನೆಲಗಳಲ್ಲಿ ಶಹಾಬಾದಿನ ಬೂದುಗಲ್ಲು, ಬೇತಂಚೆರ್ಲದ ಹಾಸುಗಲ್ಲು, ಅಡುಗೆಮನೆಯ ಕಟ್ಟೆಗೆ ಕಡಪದ ಕಪ್ಪುಗಲ್ಲು, ಈಚೆಗೆ ಎಲ್ಲೆಲ್ಲಿಯೂ ಹೊಳೆಯುವ ವಿಟ್ರಿಫೈಡ್ ಟೈಲ್ಸು. ಬೂದುಗಲ್ಲಿನ ಮೇಲೆ ಬೂದುಬಿಳುಪಿನ ಗೋಡೆ ನಿಂತರೆ ಕೋಣೆ ಮೋಡ ಕವಿದಂತೆ ಕಾಣುತ್ತದೆ. ಅಲ್ಲಿಗೆ ಹಳದಿಯತ್ತ ವಾಲಿದ ಬಿಳುಪೇ ಒಪ್ಪುತ್ತದೆ. ನೆಲ ಕೆನೆಬಣ್ಣದ ಟೈಲ್ಸಾಗಿದ್ದರೆ ಗೋಡೆಯೂ ಅದೇ ಕೆನೆಯಾಗುವುದು ಬೇಡ. ಎರಡೂ ಸೇರಿ ಹಳಸಿದಂತೆ ತೋರುತ್ತವೆ. ಇನ್ನು ಧೂಳಿನ ಮಾತು. ಎರೆಹೊಲಗಳ ನಡುವಿನ ಊರಿನಲ್ಲಿ ಗೋಡೆಗೆ ಕೂರುವ ಧೂಳು ಬೂದು. ಮಸಾರಿ ಸೀಮೆಯಲ್ಲಿ ಅದು ಕೆಂಪು. ಮಸಾರಿಯ ಕೆಂಧೂಳನ್ನು ಕೆನೆಬಣ್ಣ ತನ್ನೊಳಗೆ ಅಡಗಿಸಿಕೊಳ್ಳುತ್ತದೆ, ಬೂದುಬಿಳುಪು ಬಯಲಿಗಿಡುತ್ತದೆ. ಹೊಲದಿಂದ ಬಂದವರು ಕೈಯೂರುವ ಪಡಸಾಲೆಯ ಗೋಡೆಗೆ ಬಣ್ಣ ಆರಿಸುವಾಗ ಶೇಡ್ ಕಾರ್ಡಿಗಿಂತ ಊರಿನ ಮಣ್ಣನ್ನು ನೋಡುವುದು ಲೇಸು. ಯಾವ ಕಂಪನಿಯ ಕಾರ್ಡಿನಲ್ಲಿಯೂ ಈ ವಿವರ ಸಿಗದು.

ಮೂರನೆಯ ಕಾರಣ ಗೋಡೆಗಳ ಸಂಖ್ಯೆ. ಚೀಟಿ ಒಂದು, ಗೋಡೆಗಳು ನಾಲ್ಕು. ಒಂದರಿಂದ ಹೊರಟ ಬೆಳಕು ಎದುರಿನದಕ್ಕೆ ಬಡಿದು, ಅಲ್ಲಿಂದ ಇನ್ನೊಂದಕ್ಕೆ ಹೋಗಿ, ಪ್ರತಿ ಸಲವೂ ಅದೇ ಬಣ್ಣವನ್ನು ಹೊತ್ತುಕೊಳ್ಳುತ್ತದೆ. ಹೀಗಾಗಿ ಚೀಟಿಯಲ್ಲಿ ಸೋಂಕಿನಷ್ಟಿದ್ದ ಹಳದಿ ಕೋಣೆಯಲ್ಲಿ ಎದ್ದು ಕಾಣುತ್ತದೆ. ಎರಡು ಚೀಟಿಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಹೆಚ್ಚು ಮಂಕಾದುದನ್ನು, ಎಂದರೆ ಬಣ್ಣದ ಅಂಶ ಕಡಮೆಯಿರುವುದನ್ನು ಆರಿಸಿದವರಿಗೆ ಪಶ್ಚಾತ್ತಾಪ ಕಡಮೆ.

ಇದೆಲ್ಲವನ್ನೂ ಪರೀಕ್ಷಿಸಲು ಬೇಕಾದುದು ಹೆಚ್ಚೇನಲ್ಲ. ಎರಡು ಬಣ್ಣಗಳ ಅತ್ಯಂತ ಸಣ್ಣ ಡಬ್ಬಿ, ಎರಡಡಿ ಚೌಕದ ಎರಡು ಹಾರ್ಡ್‌ಬೋರ್ಡ್ ಹಲಗೆ. ಹಲಗೆಗೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ ಎರಡು ಸಲ; ಅಂಚಿನಲ್ಲಿ ಎರಡು ಬೆರಳಗಲ ಬಿಳಿ ಉಳಿಯಲಿ. ಒಂದು ಹಗಲು ಒಂದು ರಾತ್ರಿ ಒಣಗಬೇಕು. ಸುಣ್ಣ ಒಣಗುತ್ತ ಬೆಳ್ಳಗಾಗುತ್ತದೆ, ಎಮಲ್ಷನ್ ಒಣಗುತ್ತ ತುಸು ಗಾಢವಾಗುತ್ತದೆ. ಹಸಿಯಿರುವಾಗ ನೋಡಿ ತೀರ್ಪು ಕೊಡುವುದು ಎರಡರಲ್ಲಿಯೂ ತಪ್ಪು. ಗೋಡೆಯ ಮೇಲೆಯೇ ಪಟ್ಟೆ ಬಳಿಯುವ ರೂಢಿಗಿಂತ ಹಲಗೆ ಮೇಲು. ಅದನ್ನು ಎತ್ತಿಕೊಂಡು ಕಿಟಕಿಯ ಪಕ್ಕ, ಕತ್ತಲೆಯ ಮೂಲೆ, ನೆಲದ ಅಂಚು, ಬಾಗಿಲಿನ ತೇಗದ ಚೌಕಟ್ಟು ಹೀಗೆ ಎಲ್ಲಿಗೂ ಒಯ್ಯಬಹುದು. ಬೆಳಗ್ಗೆ ಒಮ್ಮೆ, ಇಳಿಹೊತ್ತಿನಲ್ಲಿ ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಬೇಕು. ಹಲಗೆಯನ್ನು ನೆಲದ ಮೇಲೆ ಮಲಗಿಸಿ ನೋಡಬಾರದು. ಗೋಡೆ ನಿಂತಿರುವಂತೆ ಅದೂ ನಿಂತಿರಬೇಕು.

ಹಣದ ಮಾತಿಗೆ ಬಂದರೆ, ಬಣ್ಣ ಒಪ್ಪದೆ ಮತ್ತೆ ಬಳಿಸುವುದೆಂದರೆ ಸಾಮಾನು, ಕೂಲಿ ಎರಡೂ ಮತ್ತೊಮ್ಮೆ. ಯಂತ್ರದಲ್ಲಿ ಬೆರೆಸಿದ ಡಬ್ಬಿಯನ್ನು ಸಾಮಾನ್ಯವಾಗಿ ಅಂಗಡಿಯವರು ಹಿಂದಕ್ಕೆ ಪಡೆಯುವುದಿಲ್ಲ. ಜಗಳ ಇಲ್ಲಿಂದ ಶುರುವಾಗುತ್ತದೆ. 'ಹೇಳಿದ ಬಣ್ಣ ಇದಲ್ಲ' ಎಂದು ಮನೆಯವರು, 'ಹೇಳಿದ್ದು ಇದೇ' ಎಂದು ಪೇಂಟರು. 1872ರ ಭಾರತೀಯ ಕರಾರು ಕಾಯ್ದೆಯ 29ನೆಯ ಕಲಂ, ಅರ್ಥ ನಿಶ್ಚಿತವಲ್ಲದ ಮತ್ತು ನಿಶ್ಚಿತಗೊಳಿಸಲಾಗದ ಕರಾರು ಶೂನ್ಯ ಎನ್ನುತ್ತದೆ. ಅದರ ಕೆಳಗೆ ಕೊಟ್ಟಿರುವ ಮೊದಲ ದೃಷ್ಟಾಂತ ನೂರು ಟನ್ ಎಣ್ಣೆಯ ಮಾರಾಟದ್ದು; ಯಾವ ಎಣ್ಣೆ ಎಂದು ತಿಳಿಯುವಂತಿಲ್ಲದ ಕಾರಣ ಆ ಕರಾರಿಗೆ ಬೆಲೆಯಿಲ್ಲ. 'ನಡುಮನೆಗೆ ಆಫ್‌ವೈಟ್' ಎಂದು ಬರೆದ ಚೀಟಿಯ ಗತಿ ಅದಕ್ಕಿಂತ ಬಹಳ ಮೇಲೇನಲ್ಲ. ಇನ್ನು 1930ರ ಸರಕು ಮಾರಾಟ ಕಾಯ್ದೆಯ 17ನೆಯ ಕಲಮಿನಂತೆ, ಮಾದರಿ ತೋರಿಸಿ ಮಾರಿದ ಸರಕು ಗುಣದಲ್ಲಿ ಮಾದರಿಗೆ ಹೊಂದಬೇಕು, ಹೋಲಿಸಿ ನೋಡಲು ಕೊಳ್ಳುವವನಿಗೆ ಅವಕಾಶವಿರಬೇಕು. ಹತ್ತಿಪೇಟೆಯವರಿಗೆ ಈ ನಿಯಮ ಪುಸ್ತಕವಿಲ್ಲದೆಯೇ ಗೊತ್ತು. ಆದರೆ ಮುದ್ರಿತ ಬಣ್ಣಕ್ಕೂ ನಿಜವಾದ ಬಣ್ಣಕ್ಕೂ ವ್ಯತ್ಯಾಸವಿರಬಹುದೆಂಬ ಸಣ್ಣಕ್ಷರದ ಸಾಲು ಶೇಡ್ ಕಾರ್ಡುಗಳ ಮೇಲೆ ಸಾಮಾನ್ಯ. ಅಂತಹ ಕಾರ್ಡನ್ನು ಮಾದರಿಯೆಂದು ನೆಚ್ಚಿಕೊಂಡು ವಾದಿಸುವುದು ಕಷ್ಟ.

ಆ ಎರಡಡಿಯ ಹಲಗೆ ಇಲ್ಲಿಯೂ ನೆರವಿಗೆ ಬರುತ್ತದೆ. ಒಪ್ಪಿದ ಹಲಗೆಯ ಹಿಂಬದಿಯಲ್ಲಿ ಕಂಪನಿ, ಬಣ್ಣದ ಸಂಕೇತಸಂಖ್ಯೆ, ಮ್ಯಾಟ್ ಅಥವಾ ಹೊಳಪಿನ ಬಗೆ, ಎಷ್ಟು ಕೋಟು ಎಂಬುದನ್ನು ಬರೆದು, ಮನೆಯವರೂ ಪೇಂಟರೂ ಸಹಿ ಮಾಡಿ, ಕೊನೆಯ ಕಂತಿನ ಹಣ ಕೊಡುವವರೆಗೆ ಮನೆಯಲ್ಲಿಟ್ಟುಕೊಂಡರೆ ಹೆಚ್ಚಿನ ಜಗಳಗಳು ಅಲ್ಲಿಯೇ ಮುಗಿಯುತ್ತವೆ. ಇದು ಪೇಂಟರನ್ನು ಅನುಮಾನಿಸುವುದಲ್ಲ. ಸಾಲದ ಹಣದಲ್ಲಿ ಮನೆ ಕಟ್ಟಿದವರಿಗೂ, ದಿನಗೂಲಿಗೆ ದುಡಿಯುವ ಪೇಂಟರಿಗೂ ಇದರಿಂದ ಸಮಾನ ರಕ್ಷಣೆ. ತಿಳಿಬಣ್ಣಗಳಲ್ಲಿ ಇನ್ನೊಂದು ಎಚ್ಚರವೂ ಬೇಕು. ಬಿಳಿಯ ಬೇಸಿಗೆ ಯಂತ್ರ ಸೇರಿಸುವ ಹಳದಿ, ಕೆಂಪು, ಕಪ್ಪು ದ್ರಾವಣಗಳು ಅತ್ಯಲ್ಪ. ಅದರಲ್ಲಿ ತೊಟ್ಟು ಹೆಚ್ಚುಕಡಮೆಯಾದರೂ ಡಬ್ಬಿಯಿಂದ ಡಬ್ಬಿಗೆ ಬಣ್ಣ ಬದಲಾಗುತ್ತದೆ. ಒಂದು ಕೋಣೆಗೆ ಬೇಕಾದಷ್ಟನ್ನು ಒಮ್ಮೆಗೇ ತಂದು, ದೊಡ್ಡ ಬಕೆಟ್ಟಿನಲ್ಲಿ ಒಟ್ಟಿಗೆ ಕಲಸಿಕೊಂಡು ಬಳಿಯಬೇಕು. ಅರ್ಧಗೋಡೆಗೆ ಸಾಲದೆ ಬಂದು ಮರುದಿನ ಮತ್ತೊಂದು ಡಬ್ಬಿ ತಂದ ಮನೆಗಳಲ್ಲಿ ಆ ಗೆರೆ ಸಂಜೆಯ ಓರೆಬಿಸಿಲಿಗೆ ಈಗಲೂ ಕಾಣುತ್ತದೆ.

ಈಗ ತಾಯಿಯ ಮಾತಿಗೆ. ಎರಡೂ ಒಂದೇ ಎಂದು ಆಕೆ ಹೇಳಿದ್ದು ಉದಾಸೀನದಿಂದಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ಪೊರೆ ಬಂದರೆ ಇನ್ನೂ ಹೆಚ್ಚು. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೋನೆ 1923ರಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಮುನ್ನ ಲೋಕವನ್ನು ಹಳದಿಗಂದಾಗಿಯೇ ಕಾಣುತ್ತಿದ್ದ. ಅಂತಹ ಕಣ್ಣಿಗೆ ಬೂದುಬಿಳುಪೂ ಕೆನೆಯೂ ನಿಜವಾಗಿಯೇ ಒಂದು. ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಆ ಕಣ್ಣಿಗೆ ಬಣ್ಣಗಳ ನಡುವಿನ ಭೇದ ಮಾತ್ರವಲ್ಲ, ಅಂಚುಗಳೂ ಮಸುಕಾಗುತ್ತವೆ. ಗೋಡೆ ತಿಳಿಬಿಳುಪು, ನೆಲ ತಿಳಿಬಿಳುಪು, ಮೆಟ್ಟಿಲು, ಬಚ್ಚಲಿನ ಬಾಗಿಲು, ಸ್ವಿಚ್ಚಿನ ಹಲಗೆ ಎಲ್ಲವೂ ತಿಳಿಬಿಳುಪು ಎಂದಾದ ಮೇಲೆ, ಗೋಡೆ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು, ಮೆಟ್ಟಿಲು ಎಲ್ಲಿ ಇಳಿಯಿತು ಎಂಬುದು ಆಕೆಗೆ ಹೇಗೆ ತಿಳಿಯಬೇಕು? ಸೊಂಟದ ಮೂಳೆ ಮುರಿದ ಮೇಲೆ ಹಾಸಿಗೆ ಹಿಡಿದ ಹಿರಿಯರಿಲ್ಲದ ಬೀದಿ ಯಾವ ಊರಿನಲ್ಲಿಯೂ ಇಲ್ಲ.

ಸುಣ್ಣದ ಮನೆಗಳಲ್ಲಿ ಈ ಅಪಾಯ ಇಷ್ಟಿರಲಿಲ್ಲ ಎಂಬುದನ್ನು ಗಮನಿಸಬೇಕು. ಬಿಳಿಯ ಗೋಡೆಯ ಬುಡಕ್ಕೆ ಮೊಳದಗಲ ಕೆಮ್ಮಣ್ಣಿನ ಪಟ್ಟೆ, ಹೊಸ್ತಿಲಿಗೆ ಅರಿಸಿನ, ಕುಂಕುಮ, ಮುಂದೆ ರಂಗೋಲಿ. ಅವುಗಳ ಉದ್ದೇಶ ಮಂಗಳವೋ ಅಂದವೋ ಆಗಿದ್ದಿರಬಹುದು. ಪರಿಣಾಮದಲ್ಲಿ ಮಾತ್ರ ಅವು ಮುದಿಗಣ್ಣಿಗೆ ದಾರಿ ತೋರುವ ಗೆರೆಗಳು. ಬ್ರಿಟನ್ನಿನ ಬಿಎಸ್ 8300 ಎಂಬ ಮಾನದಂಡ, ದೃಷ್ಟಿ ಮಂದವಾದವರು ಬಳಸುವ ಕಟ್ಟಡಗಳಲ್ಲಿ ಗೋಡೆ ಮತ್ತು ನೆಲ, ಗೋಡೆ ಮತ್ತು ಬಾಗಿಲು ಇಂತಹ ಜೋಡಿಗಳ ಬೆಳಕಿನ ಅಂಕದಲ್ಲಿ 30ರಷ್ಟು ಅಂತರವಿರಲಿ ಎನ್ನುತ್ತದೆ. ಮಗನೂ ಸೊಸೆಯೂ ವಾರಗಟ್ಟಲೆ ಚರ್ಚಿಸುವ ಎರಡು ಚೀಟಿಗಳ ನಡುವಣ ಅಂತರ ನಾಲ್ಕೈದು ಇದ್ದೀತು. ಅವರ ವಾದ ಸುಳ್ಳಲ್ಲ. ಆದರೆ ಮನೆಯಲ್ಲಿ ಹಿರಿಯರಿದ್ದರೆ ಮೊದಲು ತೀರ್ಮಾನವಾಗಬೇಕಾದ ಅಂತರ ಮಾತ್ರ ಅದಲ್ಲ. ಗೋಡೆಗೆ ಎರಡರಲ್ಲಿ ಯಾವ ಬಿಳುಪಾದರೂ ಬರಲಿ. ಗೋಡೆಯ ಬುಡದ ಪಟ್ಟಿ, ಪ್ರತಿ ಮೆಟ್ಟಿಲಿನ ಅಂಚು, ಬಚ್ಚಲಿನ ಹೊಸ್ತಿಲು ಇವು ಮೂರಕ್ಕೆ ಗಾಢವಾದ ಬೇರೊಂದು ಬಣ್ಣ ಬೇಕು. ಕೆಮ್ಮಣ್ಣಿನ ಕೆಂಪೇ ಆದರೆ ಇನ್ನೂ ಚೆಂದ. ಬೂದಿಗೂ ಕೆನೆಗೂ ಎರಡಕ್ಕೂ ಅದು ಒಪ್ಪುತ್ತದೆ.

ಸೀಸದ ಬಗ್ಗೆಯೂ ಒಂದು ಮಾತು. ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ 2016ರ ಕೇಂದ್ರ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅಗ್ಗಕ್ಕೆ ಸಿಕ್ಕ ಗುರುತಿಲ್ಲದ ಡಬ್ಬಿಯನ್ನು ಮಕ್ಕಳಿರುವ ಮನೆಗೆ ತರುವ ಮುನ್ನ ಅದರ ಮೇಲೆ ಈ ವಿವರವಿದೆಯೇ ಎಂದು ನೋಡಬೇಕು.

ಕೆಲಸ ಮುಗಿದ ಮೇಲೆ ಉಳಿದ ಬಣ್ಣದಲ್ಲಿ ಅರ್ಧ ಲೀಟರಿನಷ್ಟನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ತೆಗೆದಿಡುವುದು ಒಳ್ಳೆಯದು. ಮೊಳೆ ಹೊಡೆದ ತೂತು, ಮಂಚ ಸರಿಸಿದ ಗೀರು ಇವುಗಳಿಗೆ ಬೇಕಾಗುತ್ತದೆ. ಅದು ಒಣಗಿಹೋದ ಕಾಲಕ್ಕೂ ಇರಲೆಂದು ಸಂಕೇತಸಂಖ್ಯೆಯನ್ನು ಬೀರುವಿನ ಬಾಗಿಲಿನ ಒಳಬದಿಯಲ್ಲಿ, ಕೋಣೆಯ ಹೆಸರಿನೊಂದಿಗೆ, ಕನ್ನಡದಲ್ಲಿಯೇ ಬರೆದಿಡಬಹುದು.